ಬೆಂಚಿನ ಹುಡುಗನ ತಾಯಿ

ಮತ್ತೆ ಕೆರೆದುಕೊಂಡ, ಬ್ಯಾಸ್ಕೆಟ್‌ಬಾಲ್ ಅಂಕಣದ ಫ್ರೀ ಥ್ರೋ ಗೆರೆಯ ಮೇಲೆ ನಿಂತು ಚೆಂಡನ್ನು ನೆಲಕ್ಕೆ ಬಡಿಯುತ್ತಿದ್ದವನು ಬಡಿಯುವುದನ್ನು ನಿಲ್ಲಿಸಿ, ಕಿವಿಯ ಕೆಳಗೆ, ಕತ್ತಿನ ಎಡಗಡೆ, ನಾಲ್ಕೂ ಬೆರಳಿನಿಂದ ಪರಪರ ಕೆರೆದುಕೊಂಡ — ಬೆವರಿರಬೇಕು, ಇಲ್ಲವೇ ಜರ್ಸಿಯ ಅಂಚು ಚುಚ್ಚುತ್ತಿರಬೇಕು, ಪದ್ಮಜಾಗೆ ಯಾಕೆ ಅದೆಲ್ಲ, ಅವಳು ಬಂದಿರುವುದು ಮಗನ ಆಟ ನೋಡಲು, ಮಗ ಆಡದಿದ್ದರೆ ಮಗ ಕೂತಿರುವುದನ್ನು ನೋಡಲು, ಆ ವಿದ್ಯೆಯಲ್ಲಿ ಅವಳೀಗ ಪಳಗಿದ್ದಾಳೆ, ಹೋದ ವರ್ಷವಿಡೀ ಮಾಡಿದ್ದು ಅದನ್ನೇ ತಾನೆ, ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಶಿಕಾಗೊ ಪಕ್ಕದ ಅವನ ಕಾಲೇಜಿಗೆ ಅಷ್ಟುದ್ದ ಡ್ರೈವ್ ಮಾಡಿಕೊಂಡು ಹೋಗಿ, ಅವನು ಟವೆಲ್ ಹೆಗಲ ಮೇಲೆ ಹಾಕಿಕೊಂಡು ಕೂತಿದ್ದನ್ನು ಕಣ್ತುಂಬ ನೋಡಿ, ಚೆನ್ನಾಗಿತ್ತು ಕಣೋ ಎಂದು ಹೇಳಿ ವಾಪಸು ಬರುವುದು, ಅವನು ವಾಟ್ ವಾಸ್ ಗುಡ್, ಅಮ್ಮ ಎಂದು ಕೇಳುವುದು, ಅವಳು ನೀನು ಕೂತಿದ್ದ ರೀತಿ ಎಂದು ಹೇಳಲಾರದೆ ಪೇಚಾಡುವುದು. ಇವತ್ತು ಆ ಡ್ರೈವ್ ಇಲ್ಲ, ತಂಡವೇ ಇಲ್ಲಿಗೆ ಬಂದಿದೆ, ಡೆಟ್ರಾಯ್ಟ್ ಪಕ್ಕದ ಈ ಪುಟ್ಟ ಕಾಲೇಜಿನ ಜಿಮ್‌ಗೆ, ಮನೆಯಿಂದ ಕಾಲು ಗಂಟೆಯ ದಾರಿ, ಆದರೂ ಸಾಕೇತ್ ಬೆಂಚಿನ ಕೊನೆಯಲ್ಲೇ, ಜಾಕೆಟ್ಟಿನ ಜಿಪ್ಪು ಗಂಟಲವರೆಗೆ ಎಳೆದುಕೊಂಡು, ತನ್ನ ಜಾಗದಲ್ಲಿ ಆಡುತ್ತಿರುವ ಬ್ರೆಂಡನ್‌ನನ್ನೇ ನೋಡುತ್ತಾ. ಬ್ರೆಂಡನ್ ಎಸೆದ, ಬುಟ್ಟಿಯ ಕಬ್ಬಿಣಕ್ಕೆ ಬಡಿದು ಚೆಂಡು ಹೊರಗೆ ಹಾರಿತು, ಪಕ್ಕದಲ್ಲಿ ಕೂತ ಅವನ ತಾಯಿ ಕ್ಯಾರಲ್ ಅಯ್ಯೋ ಎನ್ನುವ ಹಾಗೆ ಪದ್ಮಜಾಳ ಮೊಣಕಾಲು ತಟ್ಟಿದಳು, ಅವನು ಯಾವತ್ತೂ ಮಿಸ್ ಮಾಡಲ್ಲ, ಪದ್ಮಾ, ಇವತ್ತು ಏನಾಗಿದೆ ಅವನಿಗೆ, ಅಂದಳು.

ಏನಾಗಿದೆ ಅವನಿಗೆ — ಏನೂ ಆಗಿಲ್ಲ, ಎಲ್ಲ ಚೆಂಡೂ ಒಳಗೇ ಬೀಳಬೇಕೆಂದರೆ ಹೇಗೆ, ಸ್ವಲ್ಪ ಹೊರಗೂ ಬೀಳಲಿ, ಕೋಚ್‌ಗೆ ಬೆಂಚಿನ ಕಡೆ ತಿರುಗಿ ನೋಡುವ ಬುದ್ಧಿ ಬರಲಿ, ನವೆಂಬರ್‌ನಲ್ಲಿ ಎಲ್ಲರನ್ನೂ ಆಡಿಸಿ ನೋಡ್ತೀನಿ ಅಂತ ಅವನೇ ಹೇಳಿದ್ದನಂತಲ್ಲ, ಲೀಗ್ ಶುರುವಾಗುವುದು ಜನವರಿಯಲ್ಲಿ, ಅಲ್ಲಿಯವರೆಗಿನ ಆಟಗಳು ಸುಮ್ಮನೆ ಕೈ ಪಳಗಿಸಿಕೊಳ್ಳುವುದಕ್ಕೆ, ಸೋತರೂ ಯಾರೂ ಕೇಳುವುದಿಲ್ಲ. ಸಾಕೇತ್‌ಗೆ ಜನವರಿ ಇಲ್ಲ. ಅದು ಅವನಿಗೆ ಗೊತ್ತಿಲ್ಲ, ಅವನ ಅಪ್ಪನಿಗೆ ಗೊತ್ತು, ಅಮ್ಮನಿಗೆ ಗೊತ್ತು, ಈ ತಿಂಗಳ ಕೊನೆಗೆ ಥ್ಯಾಂಕ್ಸ್‌ಗಿವಿಂಗ್‌ಗೆ ಮನೆಗೆ ಬಂದಾಗ ಊಟ ಆದ ಮೇಲೆ ಹೇಳುವುದೆಂದು ಗಂಡ ಹೆಂಡತಿ ಫೋನಿನಲ್ಲೇ ಮಾತಾಡಿಕೊಂಡಿದ್ದಾರೆ, ಈ ಸೆಮಿಸ್ಟರ್ ಮುಗಿಸಿ ಬಂದುಬಿಡು ಕಂದಾ, ಇಲ್ಲೇ ಮನೆಯಿಂದ ಓಡಾಡಿಕೊಂಡು ಓದು, ಆ ಕಾಲೇಜಿನ ಫೀಸು ಇನ್ನು ನಮ್ಮ ಕೈಲಾಗಲ್ಲ, ಬ್ಯಾಸ್ಕೆಟ್‌ಬಾಲ್ ಆಡಿದ್ದಕ್ಕೆ ಅವರು ಬಿಡಿಗಾಸೂ ಕೊಡುವುದಿಲ್ಲ, ಅಂಥ ಸಣ್ಣ ಕಾಲೇಜು. ಗಂಡ ಸತ್ಯನಾರಾಯಣ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಅಷ್ಟು ವರ್ಷ ಇದ್ದವನು, ಬೇಸಿಗೆಯಲ್ಲಿ ಒಂದು ಶುಕ್ರವಾರ ಕೆಲಸ ಹೋಗಿ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಮನೆಗೆ ಬಂದ, ಈಗ ಶಿಕಾಗೊ ಪಕ್ಕದ ಇಟಾಸ್ಕಾದಲ್ಲಿ ಕಾಂಟ್ರ್ಯಾಕ್ಟ್ ಕೆಲಸ, ವಾರವೆಲ್ಲ ಏರ್‌ಪೋರ್ಟಿನ ಹತ್ತಿರದ ಹೋಟೆಲಿನಲ್ಲಿ ಮೈಕ್ರೋವೇವ್ ಅನ್ನ, ಅದೂ ಎಷ್ಟು ದಿನವೋ, ಟಿವಿ ಹಾಕಿದರೆ ದೊಡ್ಡ ದೊಡ್ಡ ಕಾರ್ ಕಂಪನಿಯವರೇ ವಾಷಿಂಗ್ಟನ್‌ಗೆ ಹೋಗಿ ಕೈಯೊಡ್ಡುತ್ತಿದ್ದಾರೆ, ಸಬ್‌ಡಿವಿಷನ್ನಿನ, ಇವರ ಬಡಾವಣೆಯ, ತುಂಬ ಮನೆ ಮಾರಾಟದ ಬೋರ್ಡು. ಹಾಗಾಗಿ ಇನ್ನು ಉಳಿದಿರುವುದು ಕೈಬೆರಳಲ್ಲಿ ಎಣಿಸುವಷ್ಟು ಆಟ, ಅಮ್ಮ ನೋಡುವುದಕ್ಕೆ ಸಿಗುವುದು ಇದೊಂದೇ, ಇವತ್ತೊಂದು ದಿನ ನನ್ನ ಮಗು ಆಡಲಿ, ಆಮೇಲೆ ಬೇಕಾದರೆ ಮನೆಗೆ ಬರಲಿ — ಅಗೋ, ಬ್ರೆಂಡನ್ ಓಡುತ್ತ ಓಡುತ್ತಲೇ ಕೆರೆದುಕೊಂಡ, ಈ ಸಲ ಗದ್ದದ ಕೆಳಗೆ, ಬಿಳಿ ಕತ್ತಿನ ಮೇಲೆ ಕೆಂಪು ಗೆರೆ ಎದ್ದಿದ್ದು ಇಲ್ಲಿಗೇ ಕಾಣಿಸುತ್ತದೆ.

ಉಗುರು ತಾಗಿರಬೇಕು. ಕಡಲೆಕಾಯಿ ಅಂತೂ ಅಲ್ಲ, ಅದು ಆಗಲಿಕ್ಕೇ ಸಾಧ್ಯವಿಲ್ಲ, ಅಷ್ಟು ಜೋಪಾನ ಯಾವ ತಾಯಿ ಮಾಡಿಯಾಳು. ತಂಡ ಯಾವ ಹುಡುಗನ ಊರಿಗೆ ಹೋಗುತ್ತದೋ ಆ ಹುಡುಗನ ಮನೆಯಲ್ಲಿ ಎಲ್ಲರಿಗೂ ಊಟ, ಅದು ಇವರ ಪದ್ಧತಿ, ಇವತ್ತು ಆಟಕ್ಕೆ ಮೊದಲು ಮದುವೆ ದಿಬ್ಬಣದವರಂತೆ ಬಸ್ಸಿಳಿದು ಬಂದರು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಹುಡುಗರು, ಶೂ ಬಿಚ್ಚಿ ಎಂದರೆ ಪಾಪ ಎಲ್ಲರೂ ಬಿಚ್ಚಿದರು, ದೋಣಿಯಂಥ ಶೂಗಳಿಂದ ವರಾಂಡಾ ತುಂಬಿಹೋಯಿತು. ಕೋಚ್ ಮೊದಲೇ ಮೇಲ್ ಹಾಕಿದ್ದ, ಪಾಸ್ತಾ, ಚಿಕನ್, ಬ್ರೆಡ್ಡು, ಬ್ರೆಂಡನ್‌ಗೆ ಕಡಲೆಕಾಯಿ ಅಲರ್ಜಿ, ಸೋಂಕೂ ಆಗಬಾರದು, ಉಸಿರೇ ಕಟ್ಟೀತು. ಚಿಕನ್ನನ್ನು ಹೊರಗಿನಿಂದ ತರಿಸಿ ಗರಾಜಿನ ಮೇಜಿನ ಮೇಲೆ ಇಟ್ಟಳು, ಅಲ್ಲೇ ತಿಂದರು, ಅವರಿಗೇನು ಬೇಜಾರಿಲ್ಲ. ಪಾಸ್ತಾ, ಸಾಸು, ಬ್ರೆಡ್ಡಿನ ಪೊಟ್ಟಣವೆಲ್ಲ ಕನ್ನಡಕ ಹಾಕಿಕೊಂಡು ಓದಿದಳು, ಚಟ್ನಿಪುಡಿ ಡಬ್ಬಿ, ಪುಳಿಯೋಗರೆ ಗೊಜ್ಜು, ಕಡಲೆಕಾಯಿ ಬೀಜದ ಬಾಟಲಿ, ಇಷ್ಟನ್ನೂ ಒಂದು ಚೀಲಕ್ಕೆ ತುಂಬಿ ಬೀರುವಿನಲ್ಲಿ ರೇಷ್ಮೆ ಸೀರೆಗಳ ಹಿಂದೆ ಬಚ್ಚಿಟ್ಟಳು, ಆಗ ಸತ್ಯನಾರಾಯಣ ಫೋನಿನಲ್ಲಿ ನಕ್ಕಿದ್ದ, ಪೊಲೀಸ್ ರೈಡ್ ಬರತ್ತೇನೇ, ಅಂತ. ಬರೀ ಅವರ ಪಾಸ್ತಾವನ್ನೇ ಬಡಿಸಿ ಕಳಿಸಲು ಮನಸ್ಸು ಬಾರದೆ ನಿನ್ನೆ ಕೂತು ಕೋಡುಬಳೆ ಕರಿದಳು, ದಾರಿಗೆ ಇರಲಿ ಎಂದು ಡಬ್ಬಿಯಲ್ಲಿ ತುಂಬಿ ಬಸ್ಸಿಗೆ ಕೊಟ್ಟಳು, ಸಾಕೇತ್ ಎಲ್ಲರಿಗೂ ಹಂಚಿದ, ಹುಡುಗರು ಬೆರಳಿಗೆ ಉಂಗುರದಂತೆ ಹಾಕಿಕೊಂಡು ಕಚ್ಚುತ್ತ ಕುಣಿದರು. ಬ್ರೆಂಡನ್ ಮಾತ್ರ ಕೈಯಲ್ಲಿ ಹಿಡಿದುಕೊಂಡು ಅವಳ ಹತ್ತಿರ ಬಂದು ಕೇಳಿದ, ಒಳ್ಳೆಯ ಹುಡುಗ, ಕೇಳಿಯೇ ತಿನ್ನುವ ಹುಡುಗ, ಆಂಟಿ, ನೋ ನಟ್ಸ್, ರೈಟ್? — ಸಾಕೇತ್ ಕಲಿಸಿದ ಆಂಟಿ ಅದು — ನೋ ನೋ, ನೋ ನಟ್ಸ್, ಓನ್ಲಿ ರೈಸ್ ಫ್ಲೋರ್, ನಾನೇ ಮಾಡಿದ್ದು, ಯು ಈಟ್, ಎಂದು ಅವಳೇ ಬೆನ್ನು ತಟ್ಟಿ ಹೇಳಿದಳು. ಆಟಕ್ಕೆ ಸ್ವಲ್ಪ ಮೊದಲು ಲಾಕರ್ ರೂಮಿನ ಬಾಗಿಲಲ್ಲಿ ಮತ್ತೆ ನೋಡಿದಾಗ ಅವನ ಕೈಯಲ್ಲಿ ಡಬ್ಬಿಯೇ ಇತ್ತು, ಇವು ಚಟ ಹಿಡಿಸ್ತವೆ ಆಂಟಿ, ಎಂದು ನಕ್ಕ.

ಅಕ್ಕಿ ಹಿಟ್ಟು, ಚಿರೋಟಿ ರವೆ, ಹುರಿಗಡಲೆ, ಅದು ಕಡಲೆಕಾಯಿಯಲ್ಲ, ಬೇರೆ, ಕೊಬ್ಬರಿ, ಒಣಮೆಣಸಿನಕಾಯಿ, ಜೀರಿಗೆ, ಇಂಗು, ಉಪ್ಪು, ಅಮ್ಮ ಹೇಳಿಕೊಟ್ಟ ಹಾಗೆ ಒಂದೊಂದಾಗಿ ಮನಸ್ಸಿನಲ್ಲಿ ಹೇಳಿಕೊಂಡು ಬಂದಳು, ಯಾವುದರಲ್ಲೂ ಏನೂ ಇಲ್ಲ, ಎಲ್ಲ ಸೇರಿಸಿ ಕಲಸಿ, ಹೊಸೆದು, ಕಾದ ಎಣ್ಣೆಗೆ ಬಿಟ್ಟರೆ — ಕಾದ ಎಣ್ಣೆಗೆ. ಎಣ್ಣೆಗೆ. ದಿನಾ ಬಳಸುವ ಕನೋಲಾ ಎಣ್ಣೆ ಪಕ್ಕಕ್ಕಿಟ್ಟು, ಹುಡುಗರೆಲ್ಲ ಬರ್ತಾರೆ, ನಮ್ಮ ಮನೆ ರುಚಿ ಬರಲಿ ಎಂದು ಇಂಡಿಯನ್ ಸ್ಟೋರಿನಿಂದ ತಂದ ಗಾಣದ ಎಣ್ಣೆಯ ಟಿನ್ ಒಡೆದಳು, ಬಾಣಲೆಗೆ ಸುರಿಯುವಾಗಲೇ ಮೈಸೂರಿನ ಅಡುಗೆಮನೆಯ ವಾಸನೆ ಘಮ್ಮೆಂದಿತು, ಆಹಾ ಎಂದುಕೊಂಡಳು, ಆಹಾ, ಆಹಾ, ಮೂಗು ಇದ್ದದ್ದು ಯಾತಕ್ಕೆ — ಕಡಲೆಕಾಯಿ ಎಣ್ಣೆ. ಬೀಜವನ್ನು ಸೀರೆಯ ಹಿಂದೆ ಬಚ್ಚಿಟ್ಟು, ಎಣ್ಣೆಯ ಟಿನ್ನನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಂಡು, ಹುಟ್ಟಿದಾಗಿನಿಂದ ಅವಳ ಮನೆಯಲ್ಲಿ ಎಣ್ಣೆ ಅಂದರೆ ಅದೇ, ಅದನ್ನು ಯಾರಾದರೂ ಒಂದು ತಿಂಡಿ ಅಂತ ಲೆಕ್ಕಕ್ಕೆ ಹಿಡಿಯುತ್ತಾರೆಯೇ, ನೀರನ್ನು ಯಾರಾದರೂ ಲೆಕ್ಕ ಹಿಡಿಯುತ್ತಾರೆಯೇ, ಬಾಯಿಗೆ ಸಿಕ್ಕಿದರೆ ತಾನೆ ಬೀಜ. ಅಲ್ಲಿ ಅವನು ಚೆಂಡು ಪಾಸ್ ಮಾಡಿ ಮತ್ತೆ ಕತ್ತಿಗೆ ಕೈ ಹಾಕಿದ, ಈಗ ಗೆರೆಯಲ್ಲ, ದದ್ದು, ಫೋನ್ ತೆಗೆದಳು, ಇಟಾಸ್ಕಾದಿಂದ ಹೊರಟ ಸತ್ಯನಾರಾಯಣ ಕಲಮಜೂ ಊರು ದಾಟಿ ಹಿಮದಲ್ಲಿ ನಿಧಾನ ಕಾರು ಓಡಿಸಿಕೊಂಡು ಬರುತ್ತಿದ್ದಾನೆ, ರೀ, ಕೋಡುಬಳೆ ಕರಿದಿದ್ದು ಕಡಲೆಕಾಯಿ ಎಣ್ಣೇಲಿ ಕಣ್ರೀ, ಆ ಹುಡುಗ ತಿಂದ್ಬಿಟ್ಟಿದಾನೆ. ಏನು? ಜೋರಾಗಿ ಹೇಳೇ. ಜೋರಾಗಿ ಹೇಗೆ ಹೇಳುತ್ತಾಳೆ, ಪಕ್ಕದಲ್ಲೇ ಕ್ಯಾರಲ್, ಕನ್ನಡ ಬಾರದಿದ್ದರೂ ಪಕ್ಕದಲ್ಲೇ ಕ್ಯಾರಲ್. ಮತ್ತೆ ಹೇಳಿದಳು. ಎಣ್ಣೇಲೇನಾಗತ್ತೆ ಪದ್ಮಾ, ಹುಡುಗ ಓಡಾಡ್ತಾ ಇದಾನೆ ತಾನೆ, ಸುಮ್ನೆ ಇಲ್ಲದ್ದು ತಲೆಗೆ ತುಂಬಿಕೋಬೇಡ, ಅದ್ಸರಿ, ನಮ್ಮ ಹುಡುಗನ್ನ ಆಟಕ್ಕೆ ಇಳಿಸಿದ್ರಾ?

ಇಳಿಸಿಲ್ಲ ರೀ, ಎಂದು ಫೋನಿಟ್ಟಳು. ಓಡಾಡ್ತಾ ಇದಾನೆ, ನಿಜ, ಎಣ್ಣೆಯಲ್ಲಿ ಏನೂ ಆಗದಿರಬಹುದು, ಅದೂ ನಿಜ ಇರಬಹುದು, ಅವಳೇನು ಡಾಕ್ಟರಲ್ಲ, ಇನ್ನೊಂದು ನಿಮಿಷ ನೋಡೋಣ, ವಿರಾಮ ಬರಲಿ, ಸದ್ದಿಲ್ಲದೆ ಹೋಗಿ ಹೇಳೋಣ, ಈಗ ಬಾಯಿ ಬಿಟ್ಟರೆ ಅವನನ್ನು ಹೊರಗೆ ಕರೆಯುತ್ತಾರೆ, ಕರೆದರೆ ಆ ಜಾಗಕ್ಕೆ ಹೋಗುವವನು ಯಾರು, ಬೆಂಚಿನ ಕೊನೆಯಲ್ಲಿ ಕೂತವನು, ಅವಳ ಮಗ, ಆಗ ಕ್ಯಾರಲ್ ಏನೆಂದುಕೊಳ್ಳುತ್ತಾಳೆ, ಶಿಕಾಗೊ ಪಕ್ಕದ ಪ್ಲೇನ್‌ಫೀಲ್ಡ್‌ನಿಂದ ಬೆಳಗ್ಗೆ ಕತ್ತಲಲ್ಲೇ ಹೊರಟು ಬಂದವಳು, ಅವಳ ಗಂಡನೂ ಕೆಲಸ ಕಳೆದುಕೊಂಡು ಮನೆಯಲ್ಲಿದ್ದಾನೆ, ಇಬ್ಬರೂ ಅದನ್ನೇ ಹೇಳಿಕೊಂಡು ಈಗಷ್ಟೇ ಕಣ್ಣೊರೆಸಿಕೊಂಡಿದ್ದರು, ಬೇಕಂತಲೇ ಮಾಡಿದಳು ಎನ್ನುವುದಿಲ್ಲವೇ, ಮಗನನ್ನು ಆಡಿಸುವುದಕ್ಕೆ ನನ್ನ ಮಗನಿಗೆ ತಿನ್ನಿಸಿದಳು ಎನ್ನುವುದಿಲ್ಲವೇ. ಬೇಕಂತಲೇ ಅಲ್ಲ. ಅಲ್ಲವೇ? ಬೆಳಗ್ಗೆ ದೀಪ ಹಚ್ಚಿ ರಾಯರ ಫೋಟೋದ ಮುಂದೆ ನಿಂತು ಕೇಳಿದ್ದು ಏನು, ಹೇಗಾದರೂ ಮಾಡಿ ಇವತ್ತು ನನ್ನ ಮಗುವನ್ನು ಆಡಿಸಪ್ಪಾ, ಹೇಗಾದರೂ ಮಾಡಿ, ಎರಡು ಸಲ ಹೇಳಿದಳು, ಹೇಗೆ ಅಂತ ಹೇಳಲಿಲ್ಲ, ಹೀಗಲ್ಲ ತಂದೆ, ಹೀಗೆ ಅಂತ ನಾನು ಕೇಳಲಿಲ್ಲ, ವಾಪಸು ತಗೋ, ಅವನು ಆಡುವುದೇ ಬೇಡ, ಜನ್ಮದಲ್ಲಿ ಆಡುವುದು ಬೇಡ, ಆ ಹುಡುಗ ಕೆರೆದುಕೊಳ್ಳುವುದನ್ನು ನಿಲ್ಲಿಸಲಿ — ನಿಲ್ಲಿಸಲಿಲ್ಲ, ಎದುರಿನವನು ಇವನ ಪಕ್ಕದಲ್ಲೇ ಚೆಂಡು ಹೊಡೆದುಕೊಂಡು ಹೋದರೂ ಇವನು ಸುಮ್ಮನೆ ನಿಂತಿದ್ದಾನೆ, ಎರಡೂ ಕೈ ಕತ್ತಿಗೆ, ಗಂಟಲು ಸರಿಮಾಡಿಕೊಳ್ಳುತ್ತ, ಒಂದು ಸಲ, ಇನ್ನೊಂದು ಸಲ, ಕ್ಯಾರಲ್ ಚೀಲದಲ್ಲಿ ಕನ್ನಡಕ ಹುಡುಕುತ್ತಿದ್ದಾಳೆ, ಅವಳಿಗೆ ಕಾಣುವುದಿಲ್ಲ, ಈ ಇಡೀ ಜಿಮ್‌ನಲ್ಲಿ ಅದು ಕಾಣುತ್ತಿರುವುದು ಪದ್ಮಜಾ ಒಬ್ಬಳಿಗೆ, ಯಾಕೆಂದರೆ ಮಾಡಿದವಳು ಅವಳು. ಕ್ಯಾರಲ್, ಎಂದಳು, ತೋಳು ಹಿಡಿದಳು, ಕ್ಯಾರಲ್, ಬ್ರೆಂಡನ್, ಅವನನ್ನ ಹೊರಗೆ ಕರಿ, ದಿ ಆಯಿಲ್, ನಾನು ಕರಿದ ಎಣ್ಣೆ ಕಡಲೆಕಾಯೀದು, ನನಗೆ ಹೊಳೀಲಿಲ್ಲ, ನಾನೇ ತಿನ್ನು ಅಂದೆ, ಐ ಟೋಲ್ಡ್ ಹಿಮ್ ಈಟ್.

ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಕ್ಯಾರಲ್ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು, ಯಾರೋ ಗೊತ್ತಿಲ್ಲದವರನ್ನು ನೋಡುವ ಹಾಗೆ, ಕೈ ಆಗಲೇ ಚೀಲದ ಒಳಗಿತ್ತು, ಮೊಣಕಾಲು ನೋವಿನವಳು ಮೆಟ್ಟಿಲು ಬಿಟ್ಟು ಮೆಟ್ಟಿಲು ಹಾರಿಕೊಂಡು ಇಳಿದಳು, ಜನರ ಭುಜ, ಪಾಪ್‌ಕಾರ್ನ್, ಯಾರದೋ ಕೋಟು ತುಳಿದುಕೊಂಡು, ಸೀಟಿ ಕೇಳಿಸಿತು, ಕೋಚ್ ಕೈ ಎತ್ತಿದ, ಬ್ರೆಂಡನ್‌ನನ್ನು ಬೆಂಚಿನ ಮೇಲೆ ಕೂರಿಸಿದರು, ಕ್ಯಾರಲ್ ನೆಲಕ್ಕೆ ಮೊಣಕಾಲೂರಿ ಅಲರ್ಜಿ ಮದ್ದಿನ, ಪೆನ್ನಿನಂಥ ಸೂಜಿಯನ್ನು ಚಡ್ಡಿಯ ಮೇಲೇ ಅವನ ತೊಡೆಗೆ ಒತ್ತಿ ಹಿಡಿದಳು, ಯಾರೋ ಆಂಬ್ಯುಲೆನ್ಸ್ ಎಂದರು, ಸಾಕೇತ್ ಎದ್ದು ನಿಂತಿದ್ದ, ಬ್ರೆಂಡನ್‌ನನ್ನು ನೋಡಿದ, ಕ್ಯಾರಲ್‌ಳನ್ನು ನೋಡಿದ, ಆಮೇಲೆ ಮೇಲೆ, ಖಾಲಿಯಾದ ಸೀಟಿನ ಪಕ್ಕದಲ್ಲಿ ಕೂತ ಅಮ್ಮನನ್ನು, ಅವನಿಗೆ ಅರ್ಥವಾಯಿತು, ಡಬ್ಬಿ ಹಂಚಿದವನು ಅವನೇ ಅಲ್ಲವೇ, ಬಾಯಿ ಸ್ವಲ್ಪ ತೆರೆಯಿತು, ಚಿಕ್ಕವನಿದ್ದಾಗ ಏನಾದರೂ ಒಡೆದುಹಾಕಿದರೆ ಹಾಗೇ ತೆರೆಯುತ್ತಿತ್ತು. ಕೋಚ್ ಅವನ ಹೆಸರು ಕೂಗಿದ, ಅವನು ಹೋಗಲಿಲ್ಲ, ಮತ್ತೆ ಕೂಗಿದ, ಬ್ರೆಂಡನ್ನೇ ಕೈಯಲ್ಲಿ ಹೋಗು ಹೋಗು ಎಂದ, ಸಾಕೇತ್ ಜಾಕೆಟ್ಟು ಬಿಚ್ಚಿದ, ಹೋದ. ಆಟ ಮತ್ತೆ ಶುರುವಾಗಿದೆ, ಮೈಕಿನವನು ಅವಳ ಮಗನ ಹೆಸರನ್ನು ತಿರುಚಿ ತಿರುಚಿ ಹೇಳುತ್ತಿದ್ದಾನೆ, ಶೂಗಳ ಕಿರಿಕಿರಿ, ಚೆಂಡು ನೆಲಕ್ಕೆ ಬಡಿಯುವ ಸದ್ದು, ಈ ಸದ್ದು ಅವನ ಕೈಯದು, ಡ್ರೈವ್‌ವೇಯಲ್ಲಿ ವರ್ಷಗಟ್ಟಲೆ ಕೇಳಿದ ಸದ್ದು, ಅಡುಗೆಮನೆಯಲ್ಲಿ ನಿಂತೇ ಗುರುತು ಹಿಡಿಯುತ್ತಿದ್ದಳು, ಜನ ಎದ್ದು ನಿಂತರು, ಎದುರಿನವರು ಕೂಗಿದರು, ಹಿಂದಿನಿಂದ ಯಾರೋ ದಟ್ಸ್ ಯುವರ್ ಬಾಯ್ ಎಂದು ಅವಳ ಹೆಗಲು ಹಿಡಿದು ಅಲ್ಲಾಡಿಸಿದರು, ನೋಡೇ, ಇದನ್ನು ನೋಡುವುದಕ್ಕೇ ಬಂದದ್ದು, ಇದೊಂದೇ ಸಿಗುವುದು, ಕತ್ತು ತಿರುಗಿಸು, ಅವನು ಚೆಂಡು ಹಾಕಿದ ಮೇಲೆ ನಿನ್ನ ಕಡೆಯೇ ನೋಡುತ್ತಾನೆ, ನೋಡು — ತಿರುಗುವುದಿಲ್ಲ, ಕಣ್ಣು ಅಲ್ಲೇ, ಬೆಂಚಿನ ಹತ್ತಿರ, ಕ್ಯಾರಲ್‌ಳ ಬೆನ್ನಿನ ಆಚೆ, ತಾಯಿ ಹಿಡಿದು ಹಿಡಿದು ಕೆಳಗಿಳಿಸಿದರೂ ಮತ್ತೆ ಮೇಲೇರುವ ಆ ಕೈ, ಕೆಂಪಾದ ಕತ್ತು, ಕತ್ತಿನ ಮೇಲೆ ನಾಲ್ಕು ಬೆರಳು, ಕೆರೆಯುತ್ತಾ, ಕೆರೆಯುತ್ತಾ,