ಮೂವತ್ತೆರಡು ವರ್ಷ ತಡವಾದ ಪುಸ್ತಕ

ಹಸಿರು ಬಾರ್ಲಿ ಮೊಣಕಾಲೆತ್ತರ ಬಂತೆಂದರೆ ಇರಾಕಿನ ನಮ್ಮ ಮೋಸುಲ್ ಸುತ್ತಿನ ಹಳ್ಳಿಗಳಲ್ಲಿ ಕುರಿಮರಿಗಳು ಸಾಯತೊಡಗುತ್ತವೆ. ಸಾಯುವುದು ಬಡಕಲು ಮರಿಗಳಲ್ಲ, ದುಂಡಗೆ ಮೈತುಂಬಿಕೊಂಡವೇ. ಯುದ್ಧ ಮುಗಿದ ಮರುವರ್ಷದ ಮಾತು ಇದು. ಊರು ಬಿಟ್ಟಿದ್ದವರು ಆಗಷ್ಟೇ ಮರಳಿ ಬಂದು ನಾಲ್ಕಾರು ಕುರಿ ಕಟ್ಟಿಕೊಂಡಿದ್ದರು. ಅವರಿಗೆ ಒಂದು ಮರಿ ಹೋದರೂ ಕೈ ಮುರಿದಂತೆ.

ನನ್ನ ಮಗಳು ರಗದ್ ಪಶುವೈದ್ಯ ಕಾಲೇಜಿನಲ್ಲಿ ಓದುತ್ತಿದ್ದಳು. ಪ್ರತಿ ಗುರುವಾರ ಅವಳ ತರಗತಿಯವರೆಲ್ಲ ಪುಕ್ಕಟೆ ಸೇವೆಗೆಂದು ಹಳ್ಳಿಗಳಿಗೆ ಹೋಗುತ್ತಿದ್ದರು. ಒಂದು ಗುರುವಾರ ಹಿಂದಿರುಗಿದವಳು ನೇರ ಪಕ್ಕದ ಮನೆಯ ಧನ್ನೂನ್ ಅವರ ಅಂಗಳಕ್ಕೆ ಬಂದು ಕುಸಿದು ಕುಳಿತಳು. ಧನ್ನೂನ್ ಅದೇ ಕಾಲೇಜಿನಲ್ಲಿ ಓದಿ, ಊರೂರು ಸುತ್ತಿ ನಿವೃತ್ತರಾದ ಪಶುವೈದ್ಯರು. ನಾನು ಅಲ್ಲೇ ಅವರ ಹೆಂಡತಿ ಖೌಲಾ ಜೊತೆ ಗೋಧಿನುಚ್ಚಿನಲ್ಲಿ ಮಾಂಸ ತುಂಬಿ ಕುಬ್ಬಾ ತಟ್ಟುತ್ತಿದ್ದೆ.

"ಮಾಮಾ, ಇವತ್ತು ಮೂರು ಮರಿ ನಮ್ಮ ಕೈಯಲ್ಲೇ ಹೋದ್ವು. ಏನು ರೋಗ ಅಂತಾನೇ ಗೊತ್ತಾಗ್ಲಿಲ್ಲ. ನೋಡ್ಕೊಳ್ಳೋಣ ಅಂದ್ರೆ ಪುಸ್ತಕ ಎಲ್ಲಿದೆ? ಯುದ್ಧದಲ್ಲಿ ಲೈಬ್ರರಿ ಪೂರಾ ಬೂದಿ ಆಯ್ತಲ್ಲ."

"ಬೆಳಗ್ಗೆ ಚೆನ್ನಾಗಿದ್ದು, ಮಧ್ಯಾಹ್ನ ಕತ್ತು ಹಿಂದಕ್ಕೆ ಸೆಟೆದು ಬಿದ್ವಾ?"

"ಹೌದು. ನಿಮಗೆ ಹೇಗೆ ಗೊತ್ತು?"

"ಕರುಳುಬೇನೆ. ಹಸಿದ ಹೊಟ್ಟೆಗೆ ಹಸಿ ಬಾರ್ಲಿ ಮೇಯಿಸಿದಾರೆ. ಮೊದಲು ಒಣಹುಲ್ಲು ಹಾಕಿ ಆಮೇಲೆ ಬಿಡ್ಬೇಕು. ಲಸಿಕೆ ಮುಂಚೇನೇ ಹಾಕಿಸಿರ್ಬೇಕು."

ರಗದ್ ಕಣ್ಣರಳಿಸಿದಳು. "ಮಾಮಾ, ಶನಿವಾರ ಕಾಲೇಜಿಗೆ ಹಳೇ ವಿದ್ಯಾರ್ಥಿಗಳನ್ನ, ಊರವರನ್ನೆಲ್ಲ ಕರೆದಿದಾರೆ. ಮನೇಲಿರೋ ಯಾವ ಪುಸ್ತಕ ಆದ್ರೂ ತನ್ನಿ, ಗೊತ್ತಿರೋದು ಹೇಳ್ಕೊಡಿ ಅಂತ. ನೀವೂ ಬನ್ನಿ."

"ನಾನು ಬರಲ್ಲ," ಎಂದರು ಧನ್ನೂನ್. "ಪುಸ್ತಕ ಕೊಡೋರು ಯಾರು, ಮೋಸುಲಿನವರಾ? ಎಂಜಲು ಕೈಲಿ ಕಾಗೆ ಓಡಿಸದ ಜನ ಅಂತ ಬಗ್ದಾದಿನವರು ನಮ್ಮನ್ನ ಸುಮ್ನೆ ಆಡ್ಕೋತಾರಾ? ನಾಲ್ಕು ಜನ ಬಂದ್ರೆ ಹೆಚ್ಚು."

ಖೌಲಾ ಕೈ ತೊಳೆದು ಎದ್ದಳು. "ಲೈಬ್ರರಿ ಅಂದ್ರೆ ಇವರ ಬಾಯಿ ಯಾಕೆ ಒಣಗುತ್ತೆ ಅಂತ ನಾನು ತೋರಿಸ್ತೀನಿ." ಒಳಗೆ ಹೋಗಿ, ಹಾಸಿಗೆಗಳ ಸಂದಿಯಿಂದ ಬಟ್ಟೆಯಲ್ಲಿ ಸುತ್ತಿದ ದಪ್ಪ ಪುಸ್ತಕವೊಂದನ್ನು ತಂದಿಟ್ಟಳು. ಕುರಿಗಳ ರೋಗಗಳ ಪುಸ್ತಕ. ಕೊನೆಯ ವರ್ಷದ ಪರೀಕ್ಷೆಗೆಂದು ಧನ್ನೂನ್ ಲೈಬ್ರರಿಯಿಂದ ತಂದದ್ದು. ಪರೀಕ್ಷೆ ಮುಗಿದ ವಾರವೇ ಸೈನ್ಯದ ಕರೆ ಬಂತು, ಪುಸ್ತಕ ಚೀಲದೊಳಗೆ ಗಡಿಗೆ ಹೋಯಿತು. ವರ್ಷಗಳ ಮೇಲೆ ಮರಳಿದಾಗ ಕೊಡಲು ನಾಚಿಕೆ. ಆಮೇಲೆ ಅದನ್ನೇ ಹಿಡಿದು ಕಸುಬು ಮಾಡಿದರು, ಕಂಡದ್ದನ್ನೆಲ್ಲ ಅದರ ಅಂಚಿನಲ್ಲೇ ಬರೆದರು.

"ಕಳ್ಳ ಅನ್ನಲ್ವೇನೆ?" ಧನ್ನೂನ್ ತಲೆ ತಗ್ಗಿಸಿದರು. "ಸಾಲದ್ದಕ್ಕೆ ಪುಟಪುಟಾನೂ ಗೀಚಿದೀನಿ. ಓದಿದ ಕಾಲೇಜಿನ ಬಾಗಿಲಲ್ಲೇ ನನ್ನ ಮಾನ ಹೋಗ್ಬೇಕಾ?"

"ನಿಮ್ಮ ಮಾನ ದೊಡ್ಡದಾ, ಆ ಮರಿಗಳ ಜೀವ ದೊಡ್ಡದಾ? ನೀವು ಹೋಗ್ದಿದ್ರೆ ಬಿಡಿ. ನಾನೇ ತಲೆ ಮೇಲೆ ಹೊತ್ಕೊಂಡು, ಧನ್ನೂನ್ ಕದ್ದ ಪುಸ್ತಕ ಅಂತ ಕೂಗ್ತಾ ಹೋಗ್ತೀನಿ."

ಖೌಲಾ ಆಡಿದ್ದನ್ನು ಮಾಡುವವಳೇ ಎಂದು ಧನ್ನೂನ್‌ಗೆ ಗೊತ್ತಿತ್ತು. ಶನಿವಾರ ಎಲ್ಲರೂ ಹೊರಟೆವು.

ಅಂದು ಕಂಡದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಾಲೇಜಿನ ಬಾಗಿಲಿನಿಂದ ಬಸ್ ನಿಲ್ದಾಣದ ಆಚೆವರೆಗೆ ಸಾಲು. ಹಿಟ್ಟಿನ ಮೂಟೆಯಲ್ಲಿ ಪುಸ್ತಕ ಹೊತ್ತವರಿದ್ದರು. ರೊಟ್ಟಿ ಅಂಗಡಿಯವನೊಬ್ಬ ರೊಟ್ಟಿಯ ಹಲಗೆಯ ಮೇಲೆಯೇ ಜೋಡಿಸಿ ತಂದಿದ್ದ. ಅಜ್ಜಿಯೊಬ್ಬರು ತೀರಿಹೋದ ಗಂಡನ ಕಾನೂನು ಪುಸ್ತಕಗಳನ್ನು ಮಗುವಿನ ಗಾಡಿಯಲ್ಲಿಟ್ಟು ತಳ್ಳುತ್ತಿದ್ದರು, ಅವರ ಮನೆಗೆ ಇನ್ನೂ ಚಾವಣಿ ಹಾಕಿಸಿರಲಿಲ್ಲವಂತೆ. ಒಳಗೆ ಕಾಲೇಜಿನ ಮಕ್ಕಳು ಮೂಗಿಗೆ ಬಟ್ಟೆ ಕಟ್ಟಿ ಗೋಡೆಯ ಮಸಿ ಉಜ್ಜುತ್ತಿದ್ದರು. ಇದು ನಮ್ಮ ಊರೇ? ಇವರು ನಮ್ಮ ಜನವೇ? ನಾಲ್ಕು ಜನ ಎಂದಿದ್ದ ಧನ್ನೂನ್ ಸಾಲಿನ ಕೊನೆ ಹುಡುಕಿಕೊಂಡು ಹೋಗಿ ನಿಂತರು.

ಸರದಿ ಬಂದಾಗ ಅವರು ಪುಸ್ತಕವನ್ನು ಮೇಜಿನ ಮೇಲಿಟ್ಟರು. ಮೇಜಿನಾಚೆ ಕುಳಿತಿದ್ದ ನರೆಗೂದಲಿನ ಲೈಬ್ರರಿ ಮೇಡಂ ಬಟ್ಟೆ ಬಿಚ್ಚಿ ಮೊದಲ ಪುಟ ತೆರೆದರು. ಅಲ್ಲಿ ನೇರಳೆ ಬಣ್ಣದ ದುಂಡು ಮೊಹರು, ಕೆಳಗೆ ಹಿಂದಿರುಗಿಸಬೇಕಾದ ತಾರೀಕು. ಆಕೆ ಆ ತಾರೀಕಿನ ಮೇಲೆ ಬೆರಳಿಟ್ಟರು.

"ತಪ್ಪಾಯ್ತಮ್ಮಾ," ಎಂದರು ಧನ್ನೂನ್. "ಮೂವತ್ತೆರಡು ವರ್ಷ ಆಯ್ತು."

ಆಕೆ ಎದ್ದು ನಿಂತು, ಗೋಡೆ ಉಜ್ಜುತ್ತಿದ್ದ ಮಕ್ಕಳನ್ನೆಲ್ಲ ಕರೆದರು. "ಇಲ್ಲಿ ನೋಡಿ. ಬೆಳಗ್ಗೆಯಿಂದ ಪುಸ್ತಕ ಬರ್ತಾನೇ ಇವೆ, ಎಲ್ಲಾ ಹೊರಗಿನವು. ನಮ್ಮ ಮೊಹರಿರೋದು ಇದೊಂದೇ. ಇವರು ಕಾಲಕ್ಕೆ ಸರಿಯಾಗಿ ಕೊಟ್ಟಿದ್ರೆ ಇದೂ ಸುಟ್ಟುಹೋಗಿರೋದು."

ಮಕ್ಕಳು ಒಬ್ಬೊಬ್ಬರಾಗಿ ಬಂದು, ಮಸಿಯ ಕೈ ಒರೆಸಿಕೊಂಡು, ಆ ಮೊಹರನ್ನು ಮುಟ್ಟಿ ನೋಡಿದರು. ನಾನು ಅತ್ತುಬಿಟ್ಟೆ.

ಮೇಡಂ ಪುಟ ತಿರುವಿದರು. "ಅಂಚಿನಲ್ಲಿರೋ ಅಕ್ಷರ ಯಾರದು?"

"ನಂದೇ. ಕೋಳಿ ಕೆದರಿದ ಹಾಗಿದೆ."

"ಹಾಗಿದ್ರೆ ಪುಸ್ತಕ ಕೊಟ್ರೆ ಸಾಲದು, ಓದಿ ಹೇಳೋಕೆ ನೀವೂ ಬರ್ಬೇಕು. ಗುರುವಾರ ಬೆಳಗ್ಗೆ ಏಳಕ್ಕೆ ಹಳ್ಳಿಗೆ ಬಸ್ಸು ಹೊರಡುತ್ತೆ."

ಧನ್ನೂನ್ ಆರೂವರೆಗೇ ಹೋಗಿ ಕುಳಿತಿದ್ದರು. ಹಳ್ಳಿಯಲ್ಲಿ ಕುರಿಯ ಪಕ್ಕ ಮಂಡಿಯೂರಿ ಮಕ್ಕಳಿಗೂ ಊರವರಿಗೂ ಲಸಿಕೆ, ಮೇವು ಒಂದೊಂದನ್ನೂ ತೋರಿಸಿಕೊಟ್ಟರು. ಮರುವರ್ಷ ಬಾರ್ಲಿ ಬೆಳೆದಾಗ ಆ ಹಳ್ಳಿಯಲ್ಲಿ ಕರುಳುಬೇನೆಗೆ ಒಂದು ಮರಿಯೂ ಸಾಯಲಿಲ್ಲ.

ಓದಿ ಮುಂದೆ ಬಂದವರೇ, ನಿಮ್ಮ ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ. ದೊಡ್ಡ ದಾನಿಯೇ ಆಗಬೇಕೆಂದಿಲ್ಲ. ಒಂದು ಪುಸ್ತಕ ಕೊಡಿ, ತಿಂಗಳಿಗೆ ಒಂದು ದಿನ ಕೊಡಿ, ಕೈಯಲ್ಲಿರುವ ಕಸುಬು ಹೇಳಿಕೊಡಿ. ತಡವಾಯಿತೆಂದು ನಾಚಬೇಡಿ. ನೀವು ನಾಚಿಕೊಂಡು ಮನೆಯಲ್ಲಿ ಕುಳಿತಿರುವಾಗ, ನಿಮಗೆ ಗೊತ್ತಿರುವ ಮದ್ದು ತನಗೆ ಗೊತ್ತಿಲ್ಲದೆ, ಯಾವುದೋ ಹಳ್ಳಿಯಲ್ಲಿ ಒಬ್ಬ ಹುಡುಗಿ ಸಾಯುವ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತಾಳೆ.