ಸ್ವೀಡನ್ ರಾಜ ಕೊಟ್ಟ ಚಿನ್ನದ ಪದಕ

ಚನ್ನಪಟ್ಟಣದ ಆ ಗಲ್ಲಿಯಲ್ಲಿ ಸಮದ್ ಸಾಹೇಬರ ಚಿನ್ನದ ಪದಕದ ಕಥೆ ಗೊತ್ತಿಲ್ಲದವರಿಲ್ಲ. ಸ್ವೀಡನ್ ದೇಶದ ರಾಜ ಅವರ ಬೊಂಬೆ ನೋಡಿ ಮರುಳಾದನಂತೆ, ಪದಕ ಕಳಿಸಿದನಂತೆ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಮೊಳ ಬೆಳೆದು, ರಾಜ ಸಿಂಹಾಸನದಿಂದ ಎದ್ದು ನಿಂತನೆನ್ನುವ ಮಟ್ಟಕ್ಕೆ ಬಂದಿತ್ತು. ಸಾಹೇಬರು ತೀರಿಕೊಂಡು ಮೂವತ್ತು ವರ್ಷವಾಯಿತು. ರಾಜ ಮಾತ್ರ ಇನ್ನೂ ನಿಂತೇ ಇದ್ದ.

ಸಾಹೇಬರ ಮೊಮ್ಮಗಳು ಫಿರೋಜಾ. ಗಂಡ ಹೋದ ಮೇಲೆ ತವರಿಗೆ ಬಂದವಳು ಇಪ್ಪತ್ತು ವರ್ಷದಿಂದ ಹಿತ್ತಲ ಕೋಣೆಯ ಲೇತಿನ ಮುಂದೆ ಕೂತಿದ್ದಾಳೆ. ಆಲೆ ಮರ ಕಡೆದು, ಬಣ್ಣದ ಅರಗು ಹತ್ತಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುವವಳು ಅವಳು. ಮುಂದಿನ ಅಂಗಡಿಯಲ್ಲಿ ಮಾರುವವನು, ಅವಳನ್ನು ಆಪಾ ಎಂದು ಕರೆಯುವ ತಮ್ಮ ಮತೀನ್. ಗಿರಾಕಿಗಳು “ಏನ್ ಕೈ ಮತೀನ್ ಭಾಯ್ ನಿಮ್ದು!” ಅಂದರೆ ಅವನು ನಕ್ಕು ಸುಮ್ಮನಾಗುತ್ತಾನೆ. ಕೆಟ್ಟವನಲ್ಲ. ಆದರೆ ಒಮ್ಮೆಯಾದರೂ “ಕೈ ನಂದಲ್ಲ, ನಮ್ಮ ಆಪಾದು” ಅಂದವನೂ ಅಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಂತೆ ಎನ್ನುವ ಗಾದೆಯನ್ನು ಫಿರೋಜಾ ಅವನೆದುರು ಆಡಿರಲಿಲ್ಲ, ಅಷ್ಟೆ.

ಈಗ ಬೊಂಬೆ ಕೆಲಸಗಾರರ ಸಂಘದವರು ಹಳೆಯ ಕಸಬುದಾರರ ನೆನಪಿಗೆ ಒಂದು ಕೋಣೆ ಮಾಡಿದ್ದರು. ಅಲ್ಲಿ ಪದಕ ಇಡುತ್ತಾರೆ, ಕೆಳಗೆ ಸಾಹೇಬರ ಹೆಸರು, ರಾಜನ ಕಥೆ ಇರುವ ಬೋರ್ಡನ್ನು ಆಗಲೇ ಬರೆಸಿದ್ದರು. ಸಂಘದ ಪುಸ್ತಕಕ್ಕೆ ಪದಕದ ಪೂರ್ವಾಪರ ಸರಿಯಾಗಿ ಬರೆದುಕೊಡಿ ಎಂದು ಕಾರ್ಯದರ್ಶಿ ಹನುಮಂತಯ್ಯ ಕೇಳಿದ್ದರಿಂದ, ಮತೀನ್ ಕನಕಪುರದಿಂದ ಬಾಲರಾಜು ಮೇಷ್ಟ್ರನ್ನು ಕರೆತಂದ. ನಿವೃತ್ತರು, ಹಳೆಯ ನಾಣ್ಯ ಪದಕಗಳ ಹುಚ್ಚಿನವರು.

ಮೇಷ್ಟ್ರು ಭೂತಗನ್ನಡಿ ಹಿಡಿದು ನೋಡಿದರು. “ರಾಜ ಎಲ್ಲವ್ನೆ ಮತೀನ್? ಹೆಂಗ್ಸು ಕಣಪ್ಪ, ರಾಟೆ ಮುಂದೆ ಕೂತವ್ಳೆ.”

ಹಿಂಬದಿಯ ಸ್ವೀಡನ್ ಭಾಷೆಯ ಅಕ್ಷರಗಳಿಗೆ ಫೋನು ಹಿಡಿದು ಕನ್ನಡದಲ್ಲಿ ಓದಿಸಿದರು. ಅಲ್ಲಿನ ಒಂದು ಕರಕುಶಲ ಸಂಘಕ್ಕೆ ಐವತ್ತು ತುಂಬಿದ ನೆನಪಿಗೆ, 1957. “ಇದು ಗೆದ್ದೋರ್ಗೆ ಕೊಡೋ ಬಹುಮಾನ ಅಲ್ಲ. ನೆನಪಿನ ಪದಕ. ಪ್ರದರ್ಶನಕ್ಕೆ ಸಾಮಾನು ಕೊಟ್ಟೋರ್ಗೆಲ್ಲ ಒಂದೊಂದು ಕೊಟ್ಟಿರ್ತಾರೆ.”

“ಚಿನ್ನ ಆದ್ರೂ ಹೌದಾ ಮೇಷ್ಟ್ರೇ?” ಮತೀನನ ದನಿ ಇಳಿದಿತ್ತು.

“ಚಿನ್ನ ಇಷ್ಟು ಹಗುರ ಇರಲ್ಲ.”

ಫಿರೋಜಾ ಕೈಚಾಚಿ ಪದಕ ಈಸಿಕೊಂಡಳು. ದಾದಾ, ಅಂದರೆ ಅಜ್ಜ ಸಮದ್ ಸಾಹೇಬರು, ಬದುಕಿದ್ದಾಗ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಆಮೇಲೆ ಮುಟ್ಟುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಹೆಬ್ಬೆರಳಿನಿಂದ ಬಿರುಸಾಗಿ ತಿಕ್ಕಿ, ಮೂಗಿಗೆ ಹಿಡಿದು, ಜೋರಾಗಿ ನಕ್ಕಳು.

“ಅರಗು ಮೇಷ್ಟ್ರೇ! ಗಿಲಕಿಗೆ ಹಾಕ್ತೀವಲ್ಲ, ಅದೇ ಅರಿಸಿನದ ಅರಗು. ಇಷ್ಟು ವರ್ಷ ಇದನ್ನ ಚಿನ್ನ ಅಂತ ನಂಬ್ಕೊಂಡಿದ್ವಿ.”

ಊರಿಗೆಲ್ಲ ಅರಗು ಹತ್ತಿಸುವ ಮನೆಯವರಿಗೆ ಮನೆಯ ಪದಕದ ಮೇಲಿನ ಅರಗು ಕಾಣಲಿಲ್ಲ! ಅವಳು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದಳು. ಹಳದಿ ಬಿಟ್ಟುಕೊಂಡು ಬೆಳ್ಳಿ ಕಂಡಿತು. ಆದರೆ ಅಂಚಿನಲ್ಲಿದ್ದುದು ಹಳದಿಯಲ್ಲ, ದಪ್ಪನೆಯ ಕೆಂಪು ಅರಗಿನ ಪಟ್ಟಿ. ಅಂಚಿಗೆ ಮಾತ್ರ ಇಷ್ಟು ದಪ್ಪ ಯಾಕೆ? ಅವಳು ಮತ್ತೆ ಮತ್ತೆ ಉಜ್ಜಿದಳು. ಮೊದಲು ಮೂರು ಪುಟ್ಟ ಕಿರೀಟದ ಮುದ್ರೆ ಕಂಡಿತು. “ಸ್ವೀಡನ್ ಬೆಳ್ಳಿ ಮುದ್ರೆ!” ಎಂದು ಮೇಷ್ಟ್ರು ಕೂತಲ್ಲಿಂದ ಎದ್ದರು. ಅದರ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕೊರೆದ ಎರಡು ಪದ. ಮೇಷ್ಟ್ರೇ ಓದಿದರು: ತಾಹೇರಾ, ಚನ್ನಪಟ್ಟಣ.

ತಾಹೇರಾ ಅವಳ ದಾದಿ, ಅಂದರೆ ಅಜ್ಜಿ; ಸಮದ್ ಸಾಹೇಬರ ಹೆಂಡತಿ.

ದಾದಿ ಹೇಳುತ್ತಿದ್ದ, ಪದಕಕ್ಕೆ ಮುಂಚೆ ಬೊಂಬೆ ಕೊಳ್ಳಲು ಬಂದ ಬಿಳಿ ಹೆಂಗಸಿನ ಕಥೆ ಫಿರೋಜಾಗೆ ಗೊತ್ತಿತ್ತು. ಬೊಂಬೆ ಕೊಳ್ಳಲು ಬಂದ ಗಂಡಸರನ್ನೆಲ್ಲ ದಾದಾ ಮುಂದಿನ ಕೋಣೆಯಲ್ಲೇ ಕೂರಿಸಿ ಕಳಿಸುತ್ತಿದ್ದರು. ಪರದೆಯ ಆಚೆಗೆ ಅವರು ಬರುವಂತಿಲ್ಲ. ಆದರೆ ಆಕೆ ಹೆಂಗಸು, ಚಾ ಕುಡಿಯಲು ನೇರ ಹಿತ್ತಲಿಗೇ ಬಂದಳು. ದಾದಿ ಕೆಲಸ ಮಾಡುತ್ತಿದ್ದ ಲೇತಿನ ಪಕ್ಕ ಮೂರು ದಿನ ಕೂತಳು, ಬಿಸಿ ಅರಗು ಮುಟ್ಟಿ ಬೆರಳು ಸುಟ್ಟುಕೊಂಡಳು. ಮನೆಯಲ್ಲಿ ಆ ಸುಟ್ಟ ಬೆರಳಿಗೆ ನಗುತ್ತಿದ್ದರು. ಆಕೆ ಏನನ್ನು ನೋಡಿಹೋದಳೆಂದು ಯಾರೂ ಯೋಚಿಸಿರಲಿಲ್ಲ. ದಾದಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ದಾದಾನಿಗೆ ಅಷ್ಟಿಷ್ಟು ಬರುತ್ತಿತ್ತು.

“ದಾದಾನೇ ಹೆಸ್ರು ಮುಚ್ಚವ್ರೆ,” ಎಂದಳು ಫಿರೋಜಾ.

“ಸತ್ತೋರ ಮಾತು ಬಿಡು ಆಪಾ. ಬೋರ್ಡು ಬರ್ದಾಗೈತೆ,” ಎಂದ ಮತೀನ್. “ರಾಜ ಇಲ್ಲ, ಚಿನ್ನ ಇಲ್ಲ, ಮೇಲೆ ಹೆಂಗಸ್ರ ಹೆಸರು. ಊರೋರು ನಗ್ತಾರೆ. ಅಂಚಿಗೆ ಒಸಿ ಅರಗು ಹಚ್ಚಿಕೊಡು, ನಾನೇ ಕೊಟ್ಟು ಬತ್ತೀನಿ.”

ಅದೇ ತಪ್ಪಾಯಿತು. ಇನ್ನೇನು ಹೇಳಿದ್ದರೂ ಅವಳು ಅತ್ತು ಸುಮ್ಮನಾಗುತ್ತಿದ್ದಳೇನೋ. ತನ್ನ ಕೈಯಿಂದಲೇ ಹಚ್ಚು ಅಂದನಲ್ಲ!

“ದಾದಾ ಹಚ್ಚಿದ್ದು ಸಾಲ್ದಾ? ನನ್ ಕೈಲೂ ಹಚ್ಚಿಸ್ತೀಯಾ?” ಎಂದವಳೇ ಪದಕವನ್ನು ಮುಷ್ಟಿಯಲ್ಲಿ ಹಿಡಿದು, ಚಪ್ಪಲಿ ಮೆಟ್ಟಿ, ಅಂಗಡಿಯ ಮುಂಬಾಗಿಲಿನಿಂದಲೇ ಬೀದಿಗಿಳಿದಳು. ಮತೀನ್ “ಆಪಾ, ಆಪಾ” ಎನ್ನುತ್ತ ಹಿಂದೆ ಓಡಿದ.

ಸಂಘದ ಕೋಣೆಯಲ್ಲಿ ಹತ್ತಾರು ಗಂಡಸರು ಕೂತಿದ್ದರು. ಫಿರೋಜಾ ಪದಕವನ್ನು ಹನುಮಂತಯ್ಯನ ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದಳು.

“ಬೋರ್ಡಲ್ಲಿ ಸಮದ್ ಸಾಹೇಬ್ರು ಅಂತ ಐತಲ್ಲಮ್ಮ.”

“ಅಳಿಸಿ.”

“ರಾಜ ಅಂತಾನೂ ಐತೆ.”

“ರಾಜನ್ನೂ ಅಳಿಸಿ. ತಾಹೇರಾ, ಲೇತ್ ಕೆಲಸದೋಳು ಅಂತ ಬರೀರಿ. ಇಲ್ಲಾಂದ್ರೆ ಪದಕ ಇಲ್ಲ.”

ಯಾರೋ ಹಿಂದಿನಿಂದ ನಕ್ಕರು. ಫಿರೋಜಾ ತಿರುಗಿ ನೋಡಿದಳು. ನಗು ನಿಂತಿತು.

ಹನುಮಂತಯ್ಯ ತಲೆ ಕೆರೆದುಕೊಂಡು ಪುಸ್ತಕ ತೆರೆದರು. “ಆಯ್ತು, ಪದಕ ಕೊಟ್ಟೋರು ಯಾರು ಅಂತ ಬರ್ಕೊಳ್ಳಲಿ? ಮತೀನ್ ಅವರ ಅಕ್ಕ ಅಂತಲಾ?”

“ಫಿರೋಜಾ ಅಂತ. ಕಸಬು ಅದೇ, ಲೇತ್ ಕೆಲಸ. ಮತೀನನ ಅಂಗಡಿ ಬೊಂಬೆ ಎಲ್ಲಾ ನಾನು ಮಾಡಿದ್ದು.”

ಹನುಮಂತಯ್ಯ ಪೆನ್ನು ಎತ್ತಿ ಹಿಡಿದು, ಹೌದೋ ಅಲ್ಲವೋ ಎನ್ನುವಂತೆ ಬಾಗಿಲಲ್ಲಿ ನಿಂತ ಮತೀನನತ್ತ ನೋಡಿದರು. ಫಿರೋಜಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಇಬ್ಬರ ನಡುವೆ ನಿಂತಳು. ಈಗ ಅವರಿಗೆ ಅವಳೊಬ್ಬಳೇ ಕಾಣುತ್ತಿದ್ದಳು.

“ಬರೀರಿ,” ಎಂದಳು.