ಗಮನ ನೂರಕ್ಕೆ ನೂರು

ನಮ್ಮ ಕಾಲೇಜಿನಲ್ಲಿ ಪಾಠ ಹೇಗಿತ್ತೆಂದು ಈಗ ಹೇಳುವುದು ಮಕ್ಕಳಲ್ಲ, ಕರಿಹಲಗೆಯ ಮೇಲೆ ಕೂರಿಸಿದ ಕ್ಯಾಮೆರಾ. ತಲೆ ನೆಟ್ಟಗಿಟ್ಟು, ಕಣ್ಣು ಬಿಟ್ಟು ಮುಂದೆ ನೋಡುವ ಪ್ರತಿ ಮುಖಕ್ಕೂ ಅದು ಅಂಕ ಕೊಡುತ್ತದೆ, ತರಗತಿಯ ಗಮನ ಎಷ್ಟೆಂದು ಪರದೆಯಲ್ಲಿ ತೋರಿಸುತ್ತದೆ. ನಾನು ಅಪರ್ಣಾ, ಖಾರಘರದ ಈ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಗುತ್ತಿಗೆ ಅಧ್ಯಾಪಕಿ. ಈ ಸೆಮಿಸ್ಟರಿನಲ್ಲಿ ನೂರಕ್ಕೆ ನೂರು ಬಂದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ.

ತೊಂಬತ್ತೆಂಟು ಬರುತ್ತಿತ್ತು. ನಾನು ಉಬ್ಬಿಹೋಗಿದ್ದೆ. ಒಂದು ದಿನ ಉತ್ತರ ಕೇಳಲೆಂದು ಮೊದಲ ಬೆಂಚಿನ ಅನೀಶನ ಹೆಗಲು ಮುಟ್ಟಿದೆ.

"ಠಾಣೆ ಆಯಾ ಕ್ಯಾ?" ಎಂದು ಗಡಬಡಿಸಿ ಎದ್ದು, ಬ್ಯಾಗನ್ನು ಎದೆಗೆ ಅವಚಿಕೊಂಡ.

ಡೊಂಬಿವಲಿ, ಕಲ್ಯಾಣದಿಂದ ಲೋಕಲ್ ಟ್ರೇನಿನಲ್ಲಿ ಬರುವ ಮಕ್ಕಳು. ಠಾಣೆ ಸ್ಟೇಷನ್ನಿನಲ್ಲಿ ಟ್ರೇನ್ ಬದಲಿಸುವ ತನಕ ಒಂಟಿಕಾಲಲ್ಲಿ ನಿಂತು, ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಲು ಕಲಿತವರು. ಅದೇ ನಿದ್ದೆ ನನ್ನ ತರಗತಿಯಲ್ಲಿ ಮುಂದುವರಿಯುತ್ತಿತ್ತು. ಕ್ಯಾಮೆರಾಕ್ಕೆ ಇದಕ್ಕಿಂತ ಒಳ್ಳೆಯ ವಿದ್ಯಾರ್ಥಿಗಳು ಎಲ್ಲಿ ಸಿಗಬೇಕು!

ಅಂಕ ಕಳೆಯುತ್ತಿದ್ದವಳು ಸೌಭಾಗ್ಯ ಒಬ್ಬಳೇ, ಭಿವಂಡಿಯ ಬಟ್ಟೆ ವ್ಯಾಪಾರಿಯ ಮಗಳು. ಬಸ್ಸಿನಲ್ಲಿ ಸೀಟು ಸಿಗುತ್ತಿದ್ದುದರಿಂದ ನಿದ್ದೆಯನ್ನು ಅಲ್ಲೇ ಮುಗಿಸಿ ಬರುತ್ತಿದ್ದಳು. ತರಗತಿಯಲ್ಲಿ ತಲೆ ತಗ್ಗಿಸಿ ಬರೆಯುವಳು, ಫ್ಯಾನ್ ನೋಡುತ್ತ ಯೋಚಿಸುವಳು, ಆಮೇಲೆ ಕೈ ಎತ್ತುವಳು. ಆ ಕೈ ಅಡ್ಡ ಬಂದು ಹಿಂದಿನವನ ಅಂಕವೂ ಹೋಗುತ್ತಿತ್ತು.

"ಮೇಡಂ, ಎಲ್ಲಾರೂ ರೊಕ್ಕ ಉಳಸಾಕ ಹತ್ತಿದ್ರ ನಮ್ಮಪ್ಪನ ಅರಬಿ ತಗೊಳ್ಳೋರ್ ಯಾರ್ರೀ?"

ಎಂಥ ಪ್ರಶ್ನೆ! ಇಂಥದ್ದೊಂದು ಕೇಳಿಸಿಕೊಳ್ಳಲೆಂದೇ ಅಲ್ಲವೇ ನಾನು ಮೇಷ್ಟ್ರಿಕೆಗೆ ಬಂದದ್ದು? "ಅದಕ್ಕೇ ಮುಂದೆ ಒಂದು ಪಾಠ ಇದೆ, ಆಗ ಮತ್ತೆ ಕೇಳು" ಎಂದೆ. ಪರದೆ ತೊಂಬತ್ತಾರು ತೋರಿಸುತ್ತಿತ್ತು.

ಪ್ರಿನ್ಸಿಪಾಲ್ ವಿಷ್ಣುಮೂರ್ತಿಯವರು ಕರೆಸಿದರು.

"ಆ ಒಂದು ಹುಡುಗಿಯನ್ನು ಸರಿ ಮಾಡಿ ಮಾರಾಯ್ರೆ. ಬಾಕಿಯವರು ಎಷ್ಟು ಚಂದ ಕೂತ್ಕೊಳ್ತಾರೆ!"

"ಸರ್, ಅವರೆಲ್ಲ ನಿದ್ದೆಯಲ್ಲಿದ್ದಾರೆ."

"ಕಣ್ಣು ಬಿಟ್ಟಿದ್ದಾರಲ್ಲ? ಮತ್ತೆಂಥದು?"

ಸೌಭಾಗ್ಯಳನ್ನು ಕರೆದು, ನನ್ನ ಕೆಲಸದ ಪ್ರಶ್ನೆ, ತಲೆ ಎತ್ತಿ ಕೂರು ಎಂದೆ.

"ಕುಂದರ್ತೀನ್ರೀ ಮೇಡಂ. ಆದ್ರ ತಲಿ ನೆಟ್ಟಗ ಇಟ್ರ ನನಗ ವಿಚಾರನ ಬರೂದಿಲ್ಲ."

"ಹಾಗಾದ್ರೆ ಬಸ್ ಬಿಟ್ಟು ಕಲ್ಯಾಣದಿಂದ ಟ್ರೇನಲ್ಲಿ ಬಾ" ಎಂದುಬಿಟ್ಟೆ. ನನ್ನ ಬಾಯಿಗೆ ಬೆಂಕಿ ಬೀಳಲಿ.

ಪಾಪದ ಹುಡುಗಿ, ಮೇಡಂ ಹೇಳಿದರೆಂದು ಹಾಗೇ ಬರತೊಡಗಿದಳು. ಕೆಲವೇ ವಾರಗಳಲ್ಲಿ ಗಮನ ನೂರು ಮುಟ್ಟಿತು. ವಿಷ್ಣುಮೂರ್ತಿಯವರು ಶಾಲು ಹೊದಿಸಿ ಆದೇಶ ಕೊಟ್ಟರು: ಅಂಕ ಇಳಿಯುವ ತನಕ ಖಾಯಂ. ಗಮನ ಹಿಡಿದಿಡುವ ಕಲೆಯ ಬಗ್ಗೆ ಉಳಿದ ಅಧ್ಯಾಪಕರಿಗೆ ನನ್ನಿಂದ ಭಾಷಣವನ್ನೂ ಮಾಡಿಸಿದರು. ಅವರೂ ಕಣ್ಣು ಬಿಟ್ಟುಕೊಂಡು ಕೇಳಿದರು.

ಮರುದಿನ ಉಳಿತಾಯದ ಪಾಠ. ಉತ್ತರವನ್ನು ಅಚ್ಚುಕಟ್ಟಾಗಿ ಸಿದ್ಧಮಾಡಿಕೊಂಡು, ಹಬ್ಬಕ್ಕೆ ಹೊರಟವಳ ಹಾಗೆ ಹೋದೆ. ಸೌಭಾಗ್ಯ ನೆಟ್ಟಗೆ ಕುಳಿತು ನನ್ನನ್ನೇ ನೋಡುತ್ತಿದ್ದಳು.

"ಈಗ ಕೇಳಮ್ಮ, ಅವತ್ತಿನ ಪ್ರಶ್ನೆ."

ಹತ್ತಿರ ಹೋಗಿ ಹೆಗಲು ಮುಟ್ಟಿದೆ.

"ಠಾಣೆ ಬಂತೇನ್ರೀ?" ಎಂದು ಎದ್ದು ನಿಂತಳು.

ಪರದೆಯಲ್ಲಿ ಅಂಕ ಇಳಿಯುತ್ತಿತ್ತು.

"ಇನ್ನೂ ಬಂದಿಲ್ಲ, ಮಲಗು" ಎಂದೆ.